ಬಲಿತು ಬೋಳಾದ ಹೆದರ್ ಗಿಡವನ್ನು ಎಷ್ಟು ಕೆಳಕ್ಕೆ ಕತ್ತರಿಸಬಹುದು?

ಸ್ಕಾಟ್ಲೆಂಡಿನಲ್ಲಿ ಹೊಸದಾಗಿ ಕೊಂಡ ಮನೆಯ ತೋಟದಲ್ಲಿ ಹಳೆಯ ಹೆದರ್ ಗಿಡವೊಂದು (ಪುಟ್ಟ ಎಲೆ, ಪುಟ್ಟ ಹೂಗಳ ಪೊದೆ) ಮಂಡಿಯೆತ್ತರ ಬೆಳೆದಿದೆ, ಸುತ್ತ ಚೆಲ್ಲಾಪಿಲ್ಲಿ ಹರಡಿ ನಡುವೆ ಬೋಳಾಗಿದೆ, ದಾಸವಾಳದ ಹಾಗೆ ಬುಡಕ್ಕೆ ಕತ್ತರಿಸಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನೂ ಎಡಿನ್‌ಬರೋ ಕಡೆಯೇ ಇರುವವಳು, ನಮ್ಮ ಮನೆಯ ಮುಂದೆಯೂ ಇದೇ ಗಿಡಗಳಿವೆ.

ಊರಲ್ಲಿ ದಾಸವಾಳವನ್ನೋ ಮಲ್ಲಿಗೆಯನ್ನೋ ಬರೀ ಕಡ್ಡಿ ಉಳಿಯುವ ಹಾಗೆ ಸವರಿದರೂ ನಾಲ್ಕು ಮಳೆ ಬಿದ್ದರೆ ಬಲಿತ ಕಾಂಡದಲ್ಲೇ ಚಿಗುರೊಡೆಯುತ್ತದೆ. ಹೆದರ್ ಹಾಗಲ್ಲ. ಎಲೆ ಉದುರಿ ಕಂದಾಗಿರುವ ಹಳೆಯ ಕಾಂಡಕ್ಕೆ ಕತ್ತರಿ ಬಿದ್ದರೆ ಅದು ಮತ್ತೆ ಚಿಗುರುವುದು ಅಪರೂಪ. ಹಸಿರು ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಮಾತ್ರ ಕತ್ತರಿಸಬೇಕು.

ಮೊದಲು ನಿಮ್ಮದು ಯಾವ ಹೆದರ್ ಎಂದು ನೋಡಿಕೊಳ್ಳಿ. ಒಂದು ರೆಂಬೆಯನ್ನು ಕಣ್ಣ ಹತ್ತಿರ ಹಿಡಿಯಿರಿ. ಎಲೆಗಳು ಮೀನಿನ ಹುರುಪೆಯ ಹಾಗೆ ಪುಟ್ಟಪುಟ್ಟದಾಗಿ, ಜೋಡಿಜೋಡಿಯಾಗಿ, ಕಡ್ಡಿಗೆ ಅಂಟಿಕೊಂಡು ನಾಲ್ಕು ಸಾಲಾಗಿದ್ದರೆ ಅದು ಕ್ಯಾಲುನಾ. ಆಗಸ್ಟ್‌ನಲ್ಲಿ ಇಲ್ಲಿನ ಬೆಟ್ಟಗಳೆಲ್ಲ ನೇರಳೆಯಾಗುವುದು ಇದರ ಹೂವಿನಿಂದಲೇ. ಎಲೆಗಳು ಸಣ್ಣ ಸೂಜಿಯಂತಿದ್ದು, ಒಂದೊಂದು ಗೆಣ್ಣಿನ ಸುತ್ತ ಮೂರೋ ನಾಲ್ಕೋ ಇದ್ದರೆ ಎರಿಕಾ. ಎರಿಕಾದಲ್ಲಿ ಚಳಿಗಾಲದಲ್ಲಿ ಹೂ ಬಿಡುವ ಬಗೆಗಳು ತೋಟಗಳಲ್ಲಿ ಜಾಸ್ತಿ. ಆಳೆತ್ತರ ಬೆಳೆಯುವ ಎರಿಕಾ ಆರ್ಬೋರಿಯಾ ಒಂದಿದೆ. ಅದನ್ನು ಗಟ್ಟಿಯಾಗಿ ಕಡಿದರೂ ಚಿಗುರುತ್ತದೆ. ಆದರೆ ಮಂಡಿಯೆತ್ತರದ ನಿಮ್ಮ ಹಳೆಯ ಗಿಡ ಅದಾಗಿರಲಾರದು.

ಕ್ಯಾಲುನಾ ಆದರೆ ಮಾರ್ಚ್ ಕೊನೆ ಅಥವಾ ಏಪ್ರಿಲ್ ಸರಿಯಾದ ಸಮಯ. ಒಣಗಿದ ಹೂಗಳು ಕಂದಾಗಿ ಚಳಿಗಾಲವಿಡೀ ಗಿಡದ ಮೇಲೇ ಇರುತ್ತವೆ. ಇರಲಿ ಬಿಡಿ, ಒಳಗಿನ ಎಳೆ ತುದಿಗಳನ್ನು ಹಿಮದಿಂದ ಸ್ವಲ್ಪ ಕಾಯುತ್ತವೆ. ಚಳಿಗಾಲದ ಎರಿಕಾ ಆದರೆ ಹೂ ಮುಗಿದ ಕೂಡಲೇ ಸವರಿ. ಬೇಸಿಗೆ ದಾಟಿದ ಮೇಲೆ ಕತ್ತರಿಸಿದರೆ ಮುಂದಿನ ಮೊಗ್ಗೆಲ್ಲ ಹೋಗುತ್ತವೆ. ಹೂ ಇರುವಾಗ ಮಾತ್ರ ಅದನ್ನು ಮುಟ್ಟಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ನಿದ್ದೆಯಿಂದ ಎದ್ದು ಬರುವ ಬಂಬಲ್‌ಬೀ (ರೋಮ ತುಂಬಿದ ದಪ್ಪ ಜೇನುಹುಳ) ರಾಣಿಗಳಿಗೆ ತಿನ್ನಲು ಬೇರೆ ಹೂ ಸಿಗುವುದೇ ಕಷ್ಟ.

ಸವರುವಾಗ ಒಂದೊಂದು ಕಡ್ಡಿಯನ್ನೂ ನೋಡಿ. ತುದಿಯಲ್ಲಿ ಒಣ ಹೂಗಳ ಸಾಲು, ಅದರ ಕೆಳಗೆ ಹಸಿರು, ಇನ್ನೂ ಕೆಳಗೆ ಬೋಳು ಕಂದು. ಹೂವಿನ ಸಾಲಿನ ಕೆಳಗೇ ಕತ್ತರಿಸಿ, ಎರಡು ಮೂರು ಸೆಂಟಿಮೀಟರ್ ಆದರೂ ಹಸಿರು ಉಳಿಯಲಿ. ಮೇಲೆ ಮಟ್ಟಸ ಮಾಡಬೇಡಿ, ಗಿಡದ ದುಂಡಗಿನ ಆಕಾರಕ್ಕೆ ತಕ್ಕಂತೆ ಸವರಿ.

ನಿಮ್ಮ ಗಿಡದ ನಡುವಿನ ಬೋಳು ಇಷ್ಟಕ್ಕೇ ಮುಚ್ಚುವುದಿಲ್ಲ. ರೆಂಬೆಗಳನ್ನು ಕೈಯಿಂದ ಬಿಡಿಸಿ ಬುಡದ ಹತ್ತಿರ ಇಣುಕಿ ನೋಡಿ. ಎಲ್ಲಾದರೂ ಸಣ್ಣ ಹಸಿರು ಚಿಗುರು ಕಂಡರೆ, ಆ ಕಾಂಡವನ್ನು ಚಿಗುರಿಗಿಂತ ತುಸು ಮೇಲೆ ಕತ್ತರಿಸಬಹುದು. ಹೀಗೆ ಒಂದು ವರ್ಷಕ್ಕೆ ಮೂರನೇ ಒಂದು ಭಾಗ ಸಾಕು. ಚಿಗುರೇ ಇಲ್ಲದಿದ್ದರೆ ಆ ಗಿಡದಿಂದಲೇ ಹೊಸ ಗಿಡ ಮಾಡಿಕೊಳ್ಳಿ. ನನಗೆ ಕೇಳಿದರೆ ನಿಮಗೆ ಇದೇ ಒಳ್ಳೆಯ ದಾರಿ. ತೋಟದ ಹೆದರ್ ಬೀಜದಿಂದ ಅದೇ ಬಣ್ಣದಲ್ಲಿ ಬರುತ್ತದೆ ಎನ್ನುವ ಹಾಗಿಲ್ಲ, ರೆಂಬೆಯಿಂದ ಮಾಡಿದರೆ ಅದೇ ಹೂ ಸಿಗುತ್ತದೆ.

ನೆಲಕ್ಕೆ ಒರಗಿರುವ ಉದ್ದ ರೆಂಬೆಗಳನ್ನು ಮೆಲ್ಲಗೆ ಎತ್ತಿ ನೋಡಿ, ಕೆಲವು ಆಗಲೇ ಬೇರು ಬಿಟ್ಟಿರುತ್ತವೆ. ಇಲ್ಲದಿದ್ದರೆ ವಸಂತದಲ್ಲಿ ರೆಂಬೆಯ ಅಡಿಭಾಗವನ್ನು ಚಾಕುವಿನಿಂದ ಸ್ವಲ್ಪ ಕೆರೆದು, ಮರಳು ಮತ್ತು ಎರಿಕೇಷಿಯಸ್ ಕಾಂಪೋಸ್ಟ್ (ಹುಳಿ ಮಣ್ಣು ಬೇಕಾದ ಗಿಡಗಳಿಗೆಂದೇ ಮಾರುವ ಕಾಂಪೋಸ್ಟ್) ಬೆರೆಸಿದ ಮಣ್ಣಿನೊಳಗೆ ಬಗ್ಗಿಸಿ, ಮೇಲೊಂದು ಕಲ್ಲು ಇಡಿ. ಹಸಿರು ತುದಿ ಹೊರಗಿರಲಿ. ಸುಮಾರು ಒಂದು ವರ್ಷಕ್ಕೆ ಬೇರು ಬರುತ್ತದೆ. ಆಮೇಲೆ ತಾಯಿಗಿಡದಿಂದ ಕತ್ತರಿಸಿ ಬೇರೆ ಕಡೆ ನೆಡಿ. ಇಡೀ ಗಿಡವನ್ನೇ ಅಗೆದು, ಹಸಿರು ತುದಿಗಳು ಮಾತ್ರ ಕಾಣುವ ಹಾಗೆ ಆಳದ ಗುಂಡಿಯಲ್ಲಿ ಇಳಿಸಿ ಇದೇ ಮಣ್ಣು ತುಂಬುವುದೂ ಉಂಟು. ಆಗ ಒಂದೇ ಮುದಿ ಗಿಡದಿಂದ ಎಷ್ಟೋ ಎಳೆ ಗಿಡಗಳಾಗುತ್ತವೆ.

ಬೆಟ್ಟದಲ್ಲಿ ಹೆದರ್‌ಗೆ ಬೆಂಕಿ ಹಾಕುತ್ತಾರಲ್ಲ, ಅದು ಮತ್ತೆ ಬರುತ್ತದಲ್ಲ ಎಂದು ಅಕ್ಕಪಕ್ಕದವರು ಹೇಳಬಹುದು. ನಿಜ. ರೆಡ್ ಗ್ರೌಸ್ ಹಕ್ಕಿಗಳಿಗೆ ಎಳೆ ಚಿಗುರು ಸಿಗಲೆಂದು ಅಲ್ಲಿ ಪಟ್ಟಿಪಟ್ಟಿಯಾಗಿ, ಸರದಿ ಮೇಲೆ ಸುಡುತ್ತಾರೆ. ಆದರೆ ಬುಡದಿಂದ ಚೆನ್ನಾಗಿ ಚಿಗುರುವುದು ಇನ್ನೂ ಮುದಿಯಾಗದ ಗಿಡಗಳು, ಉಳಿದದ್ದು ಮಣ್ಣಿನಲ್ಲಿರುವ ಬೀಜದಿಂದ ಬರುವುದು. ಅದನ್ನು ನಂಬಿ ನಿಮ್ಮ ಹಳೆಯ ಗಿಡದ ಬುಡಕ್ಕೆ ಕತ್ತರಿ ಹಾಕಬೇಡಿ.

ಹೊಸ ಗಿಡಗಳ ಬುಡಕ್ಕೆ ಬೂದಿ, ಸುಣ್ಣ ಬೇಡ. ಕ್ಯಾಲುನಾಗೆ ಹುಳಿ ಮಣ್ಣೇ ಬೇಕು, ಗೊಬ್ಬರದ ಗೋಜು ಅಷ್ಟಾಗಿ ಇಲ್ಲ. ರೆಂಬೆಯನ್ನು ಹತ್ತಿರದಿಂದ ಫೋಟೋ ತೆಗೆದು ಇಲ್ಲಿ ಹಾಕಿ, ಯಾವ ಬಗೆ ಎಂದು ನೋಡಿ ಹೇಳುತ್ತೇನೆ.