ಕಾಲು ಕುಣಿಸುವ ಹಾಡು ಕೇಳಿದ್ದಿರಲ್ಲ, ಸ್ವಲ್ಪ ಉದ್ದದ ಉತ್ತರ

ನಿಮ್ಮ ಪ್ರಶ್ನೆ ಇಷ್ಟು: ಹೊಸ ಟವರ್ ಸ್ಪೀಕರ್, ಆಂಪ್ಲಿಫೈಯರ್, ಜೊತೆಗೊಂದು ಸಬ್‌ವೂಫರ್ (ತಗ್ಗು ದನಿಗೇ ಮೀಸಲಾದ ಸ್ಪೀಕರ್, ಚಿಕ್ಕದಾಗಿ ಸಬ್) ಬಂದಿದೆ. ಗೆಳೆಯರನ್ನು ಕರೆದು ನಿಧಾನದ ಜಾಝ್ ಹಾಡು, ಒಂಟಿ ಪಿಯಾನೊ ಕೇಳಿಸಿದಿರಿ. ಎರಡು ನಿಮಿಷಕ್ಕೆ ಎಲ್ಲರೂ ಮೊಬೈಲ್ ತೆಗೆದರು. ಮುಂದಿನ ವಾರ ಮತ್ತೆ ಬರುತ್ತಾರೆ, ಈ ಸಲ ಕಾಲು ತಾಳ ಹಾಕುವಂಥದ್ದು ಏನು ಹಾಕಲಿ ಅಂತ.

ನನಗೂ ಇದು ಆಗಿದೆ, ಇನ್ನೂ ಕೆಟ್ಟದಾಗಿ. ಗುಡುಗು, ಗಾಜು ಒಡೆಯುವ ಸದ್ದು, ಎಡಗಡೆಯಿಂದ ಬಲಗಡೆಗೆ ಓಡುವ ರೈಲು ಎಲ್ಲಾ ಇರುವ ಡೆಮೊ ಡಿಸ್ಕ್ ಒಂದನ್ನು ಹಾಕಿ ಹೆಮ್ಮೆಯಿಂದ ಕೂತಿದ್ದೆ. ಬಂದವರು "ಚೆನ್ನಾಗಿದೆ" ಅಂದರು. ಬೇರೆಯವರ ಪ್ರವಾಸದ ಫೋಟೊ ನೋಡುವಾಗ ಹೇಳುತ್ತೇವಲ್ಲ, ಆ ಥರದ ಚೆನ್ನಾಗಿದೆ. ಆವತ್ತಿನಿಂದ ನಾನು ಬಂದವರ ಮುಖ ನೋಡುವುದು ಬಿಟ್ಟೆ, ಕಾಲು ನೋಡುತ್ತೇನೆ. ಮುಖ ಮರ್ಯಾದೆಗೆ ಸುಳ್ಳು ಹೇಳುತ್ತದೆ. ಪಾದಕ್ಕೆ ಅಷ್ಟು ಬುದ್ಧಿ ಇಲ್ಲ.

ಬೇಸ್, ಅಂದರೆ ತಗ್ಗು ದನಿ, ಎಷ್ಟು ಆಳಕ್ಕೆ ಇಳಿಯುತ್ತದೆ ಅಂತ ಎಲ್ಲರೂ ವಿಚಾರಿಸುತ್ತಾರೆ. ಎಷ್ಟು ಬೇಗ ನಿಲ್ಲುತ್ತದೆ ಅಂತ ವಿಚಾರಿಸುವವರು ಕಡಿಮೆ. ಕಾಲಿಗೆ ಬೇಕಿರುವುದು ಈ ಎರಡನೆಯದು. ಒಂದು ಪೆಟ್ಟು ಮುಗಿದು, ಸಣ್ಣ ಖಾಲಿ ಜಾಗ ಬಿಟ್ಟು, ಮುಂದಿನ ಪೆಟ್ಟು ಬಿದ್ದರೆ ಮಾತ್ರ ಲಯ ಗೊತ್ತಾಗುವುದು. ಆ ಖಾಲಿ ಜಾಗದಲ್ಲಿ ಹಿಂದಿನ ಪೆಟ್ಟಿನ ಗುಂಯ್ ತುಂಬಿಕೊಂಡರೆ ಹಾಡು ಜೋರಾಗಿರುತ್ತದೆ, ಆದರೆ ನಡೆಯುವುದಿಲ್ಲ, ತೆವಳುತ್ತದೆ.

ಹಾಗಾಗಿ ಮೊದಲ ಹಾಡು ಅನುಮಾನವೇ ಬೇಡ, ಮೈಕೆಲ್ ಜಾಕ್ಸನ್ ಅವರ 'ಬಿಲ್ಲಿ ಜೀನ್' ಹಾಕಿ. 1982ರ 'ಥ್ರಿಲ್ಲರ್' ಆಲ್ಬಮ್‌ನದ್ದು. ಹಳೇದು, ಎಲ್ಲರೂ ಕೇಳಿದ್ದೇ ಅಂತ ಮೂಗು ಮುರಿಯಬೇಡಿ, ಎಲ್ಲರೂ ಕೇಳಿರುವುದೇ ಇಲ್ಲಿ ಲಾಭ. ಶುರುವಾಗುವುದು ಬರೀ ಡ್ರಮ್‌ನಿಂದ. ಆಮೇಲೆ ಬೇಸ್ ಗಿಟಾರ್ ಬಂದು ಸೇರುತ್ತದೆ, ಆಮೇಲೆ ಕೀಬೋರ್ಡ್. ಒಂದೊಂದೇ ಪದರ ಬರುವುದರಿಂದ ಯಾವುದು ಕಲಸಿಹೋಯಿತು ಅಂತ ನಿಮಗೆ ತಕ್ಷಣ ಗೊತ್ತಾಗುತ್ತದೆ. ನಿಮಿಷಕ್ಕೆ ಸುಮಾರು 117 ಬಡಿತ, ಚುರುಕಾಗಿ ನಡೆಯುವ ವೇಗ. ಇದರ ಸೌಂಡ್ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ 91 ಸಲ ಮಿಕ್ಸ್ ಮಾಡಿ (ವಾದ್ಯ, ದನಿಗಳನ್ನು ಹದವಾಗಿ ಬೆರೆಸಿ), ಕೊನೆಗೆ ಎರಡನೆಯ ಮಿಕ್ಸನ್ನೇ ಉಳಿಸಿಕೊಂಡರು ಅನ್ನುವುದು ಅವರೇ ಹೇಳಿಕೊಂಡ ಕತೆ. ಸ್ಪೀಕರನ್ನು ಒಂದೊಂದು ಇಂಚು ಸರಿಸುತ್ತಾ ರಾತ್ರಿ ಕಳೆಯುವ ನಮ್ಮಂಥವರಿಗೆ ಇದು ಸಮಾಧಾನ ಅಲ್ವಾ.

ಇದರಲ್ಲಿ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್, ಅಂದರೆ ಕಿಕ್ ಡ್ರಮ್ಮನ್ನು ಮಾತ್ರ ಗಮನ ಇಟ್ಟು ಕೇಳಿ. ಅದರಲ್ಲಿ ಎರಡು ಭಾಗ ಇರುತ್ತದೆ. ಹೊಟ್ಟೆಗೆ ತಾಗುವ ಧಮ್ ಅನ್ನುವುದು 50ರಿಂದ 100 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸು, ಅದು ಸ್ಪೀಕರ್ ಒಳಗಿನ ತಗ್ಗು ದನಿಯ ವೂಫರ್ ಅಥವಾ ಸಬ್ ಕೆಲಸ. ಚರ್ಮಕ್ಕೆ ಬಡಿಗೆ ತಾಗುವ ಟಕ್ ಅನ್ನುವುದು ಸಾವಿರಗಳ ಲೆಕ್ಕದ ಹರ್ಟ್ಜ್‌ನಲ್ಲಿ ಇರುತ್ತದೆ, ಅದು ನಡುವಿನ ದನಿಯ ಮಿಡ್ ಮತ್ತು ಮೇಲಿನ ದನಿಯ ಟ್ವೀಟರ್ ಕೆಲಸ. ಎರಡೂ ಒಂದೇ ಪೆಟ್ಟಾಗಿ ಕೇಳಿಸಬೇಕು. ಟಕ್ ಮೊದಲು ಬಂದು ಧಮ್ ಹಿಂದೆ ಎಳೆದುಕೊಂಡು ಬಂದ ಹಾಗಿದ್ದರೆ ಹಾಡಿನ ಪಟ್ಟಿ ಪಕ್ಕಕ್ಕಿಡಿ, ಸಬ್ ಕಡೆ ಹೋಗಿ.

ಸಬ್ ಇಟ್ಟುಕೊಂಡವರಲ್ಲಿ ನಾನು ಕಂಡ ತಪ್ಪು ಹೆಚ್ಚಿನಂಶ ಒಂದೇ, ಸೌಂಡ್ ಜಾಸ್ತಿ ಇಡುವುದು. ನಾನೇ ಒಂದು ಸಲ ಹೊಡೆದಾಟದ ಸಿನಿಮಾಕ್ಕೆ ಅಂತ ಏರಿಸಿ ಇಳಿಸುವುದು ಮರೆತು, ಮಾರನೇ ದಿನ ಬಂದವರಿಗೆ ಅದೇ ಲೆವೆಲ್‌ನಲ್ಲಿ ಹಾಡು ಕೇಳಿಸಿ, ಬೇಸ್ ಗಿಟಾರ್ ಬದಲು ಪಕ್ಕದ ಮನೆಯವರು ಮಂಚ ಎಳೆದ ಹಾಗೆ ಕೇಳಿಸಿತು. ಕ್ರಾಸ್‌ಓವರ್, ಅಂದರೆ ಎಲ್ಲಿಂದ ಕೆಳಗಿನ ದನಿ ಸಬ್‌ಗೆ ಹೋಗಬೇಕು ಅನ್ನುವ ಗಡಿ, 80 ಹರ್ಟ್ಜ್‌ನಿಂದ ಶುರು ಮಾಡಿ. ಬೇಸ್ ಸಾಲು ಇರುವ ಹಾಡು ಹಾಕಿ, ನೀವು ಕೇಳುವ ಜಾಗದಲ್ಲೇ ಕೂತು, ಇನ್ನೊಬ್ಬರಿಗೆ ಸಬ್ ಹಿಂದಿನ ಫೇಸ್ ಸ್ವಿಚ್ಚನ್ನು (ಸಬ್‌ನ ಅಲೆಯನ್ನು ತಿರುಗುಮುರುಗು ಮಾಡುವುದು) 0 ಮತ್ತು 180 ಡಿಗ್ರಿಯ ನಡುವೆ ಬದಲಿಸಲು ಹೇಳಿ. ಎಲ್ಲಿ ಬೇಸ್ ತುಂಬಿಕೊಂಡು ಬರುತ್ತದೋ ಅದೇ ಸರಿ. ಆಮೇಲೆ ಲೆವೆಲ್ ಇಳಿಸುತ್ತಾ ಬನ್ನಿ. ಸಬ್ ಇದೆ ಅಂತಲೇ ಗೊತ್ತಾಗಬಾರದು, ಆದರೆ ಆಫ್ ಮಾಡಿದರೆ ಏನೋ ಹೋಯಿತು ಅನ್ನಿಸಬೇಕು. ಅಲ್ಲಿ ನಿಲ್ಲಿಸಿ. ಹೋಮ್ ಥಿಯೇಟರ್ ರಿಸೀವರ್ ಆದರೆ ಜೋರಿನ ಸದ್ದು ತಗ್ಗಿಸುವ ನೈಟ್ ಮೋಡ್ ಆಫ್ ಇದೆಯಾ ನೋಡಿ. ಅದು ಪೆಟ್ಟುಗಳನ್ನೆಲ್ಲ ಇಸ್ತ್ರಿ ಮಾಡಿಬಿಡುತ್ತದೆ.

ಕೋಣೆ ಇನ್ನೊಂದು ತಲೆನೋವು. ಎರಡು ಗೋಡೆಗಳ ನಡುವೆ 4 ಮೀಟರ್ ಇದ್ದರೆ ಸುಮಾರು 43 ಹರ್ಟ್ಜ್‌ನಲ್ಲಿ ಕೋಣೆ ತಾನೇ ಹಾಡಲು ಶುರು ಮಾಡುತ್ತದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಗೋಡೆಗಳ ದೂರದ ಎರಡರಷ್ಟರಿಂದ ಭಾಗಿಸಿದರೆ ಸಿಗುವ ಲೆಕ್ಕ ಇದು. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ಕೆಳಗಿನ ಸ್ವರ 41 ಹರ್ಟ್ಜ್. ಅಂದರೆ ಸರಿಯಾಗಿ ಆ ಒಂದೆರಡು ಸ್ವರ ಬಂದಾಗ ಮಾತ್ರ ಕೋಣೆ ಊದಿಕೊಳ್ಳುತ್ತದೆ, ಉಳಿದವು ಸಣ್ಣಗಾಗುತ್ತವೆ, ತಾಳ ಕುಂಟುತ್ತದೆ. ಸ್ಪೀಕರನ್ನು ಹಿಂದಿನ ಗೋಡೆಯಿಂದ ಎಷ್ಟು ಸಾಧ್ಯವೋ ಅಷ್ಟು ಮುಂದೆ ತನ್ನಿ, ಡೆಮೊ ಮುಗಿದ ಮೇಲೆ ಬೇಕಾದರೆ ವಾಪಸ್ ತಳ್ಳಿ. ಸೋಫಾ ಗೋಡೆಗೆ ಅಂಟಿಕೊಂಡಿದ್ದರೆ ಬೇಸ್ ಅತಿಯಾಗುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಅದೇ ಸ್ವರ ಮಾಯವಾಗುತ್ತದೆ. ಇವೆರಡರ ಮಧ್ಯೆ ಎಲ್ಲೋ ಒಂದು ಕಡೆ ಕೂರಿಸಿ. ಪುಕ್ಕಟೆ ಅಪ್‌ಗ್ರೇಡ್ ಇದು, ಯಾವ ಕೇಬಲ್ಲೂ ಇಷ್ಟು ಮಾಡುವುದಿಲ್ಲ.

ಸರಿ, ಎರಡನೇ ಹಾಡು. ಸ್ಟೀವಿ ವಂಡರ್ ಅವರ 'ಸೂಪರ್‌ಸ್ಟಿಷನ್', 1972ರದ್ದು. ಇದೂ ಡ್ರಮ್‌ನಿಂದಲೇ ಶುರು. ಆ ಡ್ರಮ್ ಬಾರಿಸಿದ್ದು ಅವರೇ. ಮೇಲೆ ಬರುವ ಕೊರೆಯುವಂಥ ಕ್ಲಾವಿನೆಟ್ (ಒಂದು ಥರದ ಎಲೆಕ್ಟ್ರಿಕ್ ಕೀಬೋರ್ಡ್) ಕೂಡ ಅವರದ್ದೇ. ಪೆಟ್ಟು ಗಡಿಯಾರದ ಥರ ನೆಟ್ಟಗಿಲ್ಲ, ಸ್ವಲ್ಪ ತೂಗಾಡಿಕೊಂಡು ಬರುತ್ತದೆ, ಅದಕ್ಕೇ ಭುಜ ತಾನಾಗಿ ಅಲ್ಲಾಡುವುದು. ಸಿಸ್ಟಮ್ ಸರಿ ಇಲ್ಲದಿದ್ದರೆ ಈ ತೂಗಾಟ ಹೋಗಿ ಸುಮ್ನೆ ಗದ್ದಲ ಉಳಿಯುತ್ತದೆ.

ಹೊಸದು ಬೇಕು ಅನ್ನುವವರಿಗೆ ಡಾಫ್ಟ್ ಪಂಕ್ ಅವರ 2013ರ 'ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್'. ಕಂಪ್ಯೂಟರ್ ಸಂಗೀತಕ್ಕೆ ಹೆಸರಾದವರು ಇದರಲ್ಲಿ ನಿಜವಾದ ಡ್ರಮ್ಮರ್, ಬೇಸ್ ವಾದಕರನ್ನು ಕೂರಿಸಿಕೊಂಡು ರೆಕಾರ್ಡ್ ಮಾಡಿದರು. 'ಗೆಟ್ ಲಕ್ಕಿ'ಯಲ್ಲಿ ನೈಲ್ ರಾಜರ್ಸ್ ಅವರ ಗಿಟಾರ್ ಇದೆಯಲ್ಲ, ತಂತಿ ಮೀಟಿ ತಕ್ಷಣ ಒತ್ತಿ ನಿಲ್ಲಿಸುವುದು, ಆ ನಿಲ್ಲಿಸುವುದು ಸ್ವಚ್ಛವಾಗಿ ಕೇಳಿಸಿದರೆ ನಿಮ್ಮ ಸ್ಪೀಕರ್ ಪಾಸ್.

ನನ್ನ ಮೆಚ್ಚಿನದು ಮಾತ್ರ ಡೇವ್ ಬ್ರೂಬೆಕ್ ತಂಡದ 'ಅನ್‌ಸ್ಕ್ವೇರ್ ಡಾನ್ಸ್', 1961. ಎರಡೇ ನಿಮಿಷ. ಏಳು ಮಾತ್ರೆಯ ತಾಳ, ತಕ ತಕ ತಕಿಟ ಅಂತ ಹೇಳಿಕೊಂಡು ನೋಡಿ, ಸರಿಯಾಗಿ ಕೂರುತ್ತದೆ. 1, 3, 5ಕ್ಕೆ ಬೇಸ್, 2, 4, 6, 7ಕ್ಕೆ ಚಪ್ಪಾಳೆ. ಬಂದವರು ಚಪ್ಪಾಳೆ ಸೇರಿಸಲು ಹೋಗಿ ಕೊನೆಯ ಎರಡರಲ್ಲಿ ತಪ್ಪುತ್ತಾರೆ, ನಗುತ್ತಾರೆ, ಇನ್ನೊಂದು ಸಲ ಹಾಕಿ ಅನ್ನುತ್ತಾರೆ. ಜಾಝ್ ಅಂದರೆ ಮೊಬೈಲ್ ತೆಗೆದ ಅದೇ ಗೆಳೆಯರು. ಚಪ್ಪಾಳೆ ನಿಜವಾದ ಅಂಗೈಯದ್ದು ಅನ್ನಿಸಬೇಕು. ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗಿದ್ದರೆ ಟ್ವೀಟರ್ ನೇರ ಕಿವಿಗೆ ತಾಗುತ್ತಿದೆ, ಸ್ಪೀಕರನ್ನು ಸ್ವಲ್ಪ ಆಚೆ ತಿರುಗಿಸಿ.

ಶಕ್ತಿ ತಂಡದ 1976ರ ಮೊದಲ ಆಲ್ಬಮ್ ಕೂಡ ತೆಗೆದಿಟ್ಟುಕೊಳ್ಳಿ. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ. ಜನರ ಮುಂದೆ ನುಡಿಸಿದ್ದರ ನೇರ ರೆಕಾರ್ಡಿಂಗ್. ಘಟದಲ್ಲಿ ಮಣ್ಣಿನ ಟಣ್ ಮತ್ತು ಬಾಯಿಯಿಂದ ಬರುವ ಗಾಳಿಯ ಗುಮ್ ಬೇರೆ ಬೇರೆ ಕೇಳಿಸಬೇಕು. ಆದರೆ ಮೊದಲ ತುಣುಕೇ ತುಂಬಾ ಉದ್ದ. ಆಸಕ್ತಿ ಇರುವವರು ಉಳಿದುಕೊಂಡ ಮೇಲೆ ಹಾಕಿ, ಎಲ್ಲರಿಗೂ ಅಲ್ಲ.

ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ'ದ 1994ರ ಲೈವ್ ಹಾಕಿ ಅಂತ ಹತ್ತು ಜನ ಹೇಳುತ್ತಾರೆ. ಶುರುವಿನ ಆ ಒಂದು ಧಮ್ ಚೆನ್ನಾಗಿದೆ, ನಿಜ. ನನಗೆ ಸಾಕಾಗಿದೆ, ಅಷ್ಟೇ.

ಇನ್ನು ನಮ್ಮದು. 1981ರ 'ಗೀತಾ' ಚಿತ್ರದ 'ಸಂತೋಷಕ್ಕೆ', ಇಳಯರಾಜ ಅವರ ಸಂಗೀತ, ಎಸ್‌ಪಿಬಿ ದನಿ. ರೆಕಾರ್ಡಿಂಗ್ ಇವತ್ತಿನ ಮಟ್ಟದ್ದಲ್ಲ. ನಿಮ್ಮ ಸಬ್‌ಗೆ ಅಂಥ ಕೆಲಸವೂ ಸಿಗುವುದಿಲ್ಲ. ಆದರೂ ಇಡೀ ಕೋಣೆ ಹಾಡಲು ಶುರು ಮಾಡುತ್ತದೆ. ಸಿಸ್ಟಮ್ ತೋರಿಸಲು ಕರೆದದ್ದು ಅನ್ನುವುದು ನಿಮಗೇ ಮರೆತುಹೋದರೂ ಹೋಗಲಿ ಬಿಡಿ.

ವಾಲ್ಯೂಮ್ ಬಗ್ಗೆ: ತೀರಾ ಕಡಿಮೆ ಇಟ್ಟರೆ ಬೇಸ್ ಸಣ್ಣಗೆ ಕೇಳಿಸುತ್ತದೆ. ನಮ್ಮ ಕಿವಿ ಇರುವುದೇ ಹಾಗೆ, ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಂತ ಕಿವಿ ಮುಚ್ಚಿಕೊಳ್ಳುವಷ್ಟೂ ಬೇಡ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಲು ದನಿ ಸ್ವಲ್ಪ ಏರಿಸಬೇಕು ಅನ್ನುವಷ್ಟು ಸಾಕು. ಬೇಸ್ ಬೂಸ್ಟ್ ಗುಂಡಿ ಮುಟ್ಟಬೇಡಿ. ಒಂದೇ ಹಾಡಿನ ಎರಡು ಮೂರು ಆವೃತ್ತಿ ಸಿಕ್ಕರೆ, ಜೋರಾಗಿ ಕೇಳಿಸುವುದನ್ನೇ ಆರಿಸಬೇಡಿ. ಕೆಲವು ರೀಮಾಸ್ಟರ್‌ಗಳಲ್ಲಿ (ಹಳೇ ರೆಕಾರ್ಡಿಂಗನ್ನು ಹೊಸದಾಗಿ ತಿದ್ದಿದ್ದು) ಡ್ರಮ್ ಪೆಟ್ಟಿನ ತುದಿ ಕತ್ತರಿಸಿಹೋಗಿರುತ್ತದೆ.

ಮೂರು ಹಾಡು ಸಾಕು, ಅರ್ಧಕ್ಕೆ ನಿಲ್ಲಿಸಿ "ಇಲ್ಲಿ ನೋಡಿ, ಈ ಸಿಂಬಲ್ ಕೇಳಿ" ಅಂತ ಪಾಠ ಬೇಡ. ನಾಲ್ಕನೆಯದು ಬಂದವರು ಕೇಳಿದ್ದನ್ನು ಹಾಕಿ, ಅದು ಎಷ್ಟೇ ಕೆಟ್ಟ ರೆಕಾರ್ಡಿಂಗ್ ಆಗಿರಲಿ. ರಿಮೋಟ್ ಅವರ ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು, ವಾಲ್ಯೂಮ್ ಮೇಲೆ ಮಾತ್ರ ಒಂದು ಕಣ್ಣಿರಲಿ.

ಕೋಣೆಯ ಉದ್ದ, ಅಗಲ, ಸೋಫಾ ಗೋಡೆಯಿಂದ ಎಷ್ಟು ದೂರ ಅಂತ ಬರೆಯಿರಿ, ಯಾವ ಸ್ವರ ಊದಿಕೊಳ್ಳಬಹುದು ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಫೇಸ್ ಸ್ವಿಚ್ ಪರೀಕ್ಷೆ ಮಾತ್ರ ಅವರು ಬರುವ ಮುಂಚೆ ಮಾಡಿ ಮುಗಿಸಿ, ಬಂದ ಮೇಲೆ ಸಬ್ ಹಿಂದೆ ಬಗ್ಗಿ ಕೂರಬೇಡಿ.