ತಾಯಿ ಹೇಳಿದ್ದಷ್ಟನ್ನೇ ಬರೆದುಕೊಂಡರೆ ತಪ್ಪೇನು?

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದವಳು ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್. ಎರಡನೇ ವರ್ಷದ ವಿದ್ಯಾರ್ಥಿನಿ. ಸರ್ಕಾರಿ ಆಸ್ಪತ್ರೆಯೊಂದರ ಮಕ್ಕಳ ವಿಭಾಗದಲ್ಲಿ ಪೋಸ್ಟಿಂಗ್. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಟೆಸ್ಟಿಂಗ್ ರೂಮಿನ ಕಡೆ ಕಾಲೇ ಏಳುವುದಿಲ್ಲ. "ಕೋರ್ಸ್ ಬಿಟ್ಟುಬಿಡ್ತೀನಿ ಮೇಡಂ, ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ" ಅಂದಳು.

ನಾನು ಆಕೆಯ ಸೂಪರ್‌ವೈಸರ್ ಅಲ್ಲ, ಇಂಟರ್ನಲ್ ಮಾರ್ಕ್ಸ್ ಕೊಡುವವಳೂ ಅಲ್ಲ, ಇಲ್ಲಿ ಆಡಿದ ಮಾತು ವಿಭಾಗಕ್ಕೆ ಹೋಗುವುದಿಲ್ಲ ಎಂದು ಮೊದಲೇ ಹೇಳಿದೆ. ತರಬೇತಿಯಲ್ಲಿರುವವರು ಈ ಖಾತ್ರಿ ಸಿಗದೆ ಬಾಯಿ ಬಿಡುವುದಿಲ್ಲ.

ವಿಷಯ ಹನ್ನೊಂದು ವರ್ಷದ ಒಬ್ಬ ಹುಡುಗನದು. ಉತ್ತರ ಕರ್ನಾಟಕದ ಒಂದು ತಾಂಡಾದವನು, ಮನೆಮಾತು ಲಂಬಾಣಿ. ವರ್ಷದಲ್ಲಿ ಕೆಲವು ತಿಂಗಳು ಅಪ್ಪ ಅಮ್ಮ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರೆ ಇವನೂ ಜೊತೆಗೆ ಹೋಗುತ್ತಾನೆ. ಐದನೇ ತರಗತಿಯಲ್ಲಿದ್ದರೂ ಓದು ಹತ್ತಿಲ್ಲ. 'ಅಂಗವಿಕಲರ ಸರ್ಟಿಫಿಕೇಟ್ ಮಾಡಿಸ್ರಿ, ಪಿಂಚಣಿ ಬರ್ತೈತಿ' ಎಂದು ಊರಲ್ಲಿ ಯಾರೋ ಹೇಳಿದ್ದಾರೆ. ರಾತ್ರಿ ಬಸ್ಸು ಹಿಡಿದು ಬಂದು, ಬೆಳಿಗ್ಗೆ ಏನೂ ತಿನ್ನದೆ ಓಪಿಡಿ ಸಾಲಿನಲ್ಲಿ ನಿಂತು, ಮಧ್ಯಾಹ್ನದ ಹೊತ್ತಿಗೆ ಈ ವಿದ್ಯಾರ್ಥಿನಿಯ ಮೇಜಿನ ಮುಂದೆ ಕೂತಿದ್ದಾನೆ.

ಬುದ್ಧಿಮಟ್ಟ (ಐಕ್ಯೂ) ಅಳೆಯುವ ಬಿನೆ-ಕಾಮತ್ ಪರೀಕ್ಷೆಯಲ್ಲಿ ಬಂದದ್ದು 73. ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದು 1930ರ ದಶಕದಲ್ಲಿ ಒಗ್ಗಿಸಿದ ಪರೀಕ್ಷೆ ಅದು. ಲಂಬಾಣಿ ಮಾತಾಡುವ ಹುಡುಗನನ್ನು ಕನ್ನಡದಲ್ಲಿ ಕೇಳಿ ಪಡೆದ ಅಂಕ ಎಂಬುದನ್ನು ನೆನಪಿಡಬೇಕು. ಆಮೇಲೆ ನಿತ್ಯದ ಬದುಕಿನ ಸಾಮರ್ಥ್ಯ ಅಳೆಯುವ ವೈನ್‌ಲ್ಯಾಂಡ್ ಸೋಷಿಯಲ್ ಮೆಚ್ಯೂರಿಟಿ ಸ್ಕೇಲ್. ನಮ್ಮವರು ವಿ.ಎಸ್.ಎಂ.ಎಸ್. ಎನ್ನುವುದು ಇದನ್ನೇ. ಮಾಲಿನ್ ಅವರು ಭಾರತಕ್ಕೆ ಹೊಂದಿಸಿದ ರೂಪದಲ್ಲಿ 89 ಅಂಶಗಳಿವೆ. ತಾನೇ ಉಣ್ಣುತ್ತಾನಾ, ಬಟ್ಟೆ ಹಾಕಿಕೊಳ್ಳುತ್ತಾನಾ, ಒಬ್ಬನೇ ಹೊರಗೆ ಹೋಗಿ ಬರುತ್ತಾನಾ ಎಂದು ಮಗುವನ್ನು ಬಲ್ಲವರನ್ನು ಕೇಳಿ ತುಂಬುವುದು. ತಾಯಿ ಹಲವು ಪ್ರಶ್ನೆಗಳಿಗೆ "ಬರಂಗಿಲ್ರೀ" ಎಂದರು. ಲೆಕ್ಕ ಹಾಕಿದರೆ 62.

ಆದರೆ ಕಾಯುವ ಹೊತ್ತಿನಲ್ಲಿ ಆಕೆ ಬೇರೇನೋ ನೋಡಿದ್ದಳು. ಹುಡುಗ ಐವತ್ತರ ನೋಟು ಹಿಡಿದು ಒಬ್ಬನೇ ಕ್ಯಾಂಟೀನಿಗೆ ಹೋಗಿ ಟೀ, ಬನ್ನು ತಂದಿದ್ದ. ಚಿಲ್ಲರೆ ಎಣಿಸಿ ತಾಯಿಗೆ ಕೊಟ್ಟಿದ್ದ. ತಂಗಿಗೆ ತಿನ್ನಿಸಿ, ನಲ್ಲಿಯ ಹತ್ತಿರ ಕರೆದೊಯ್ದು ಕೈ ತೊಳೆಸಿ, ಫ್ರಾಕಿನ ಗುಂಡಿ ಹಾಕಿದ್ದ. ಈಕೆ ಅದನ್ನು ಸೂಕ್ಷ್ಮವಾಗಿ ಕೇಳಿದಾಗ ತಾಯಿಗೆ ಅರ್ಥವಾಯಿತು. ಕೈ ಹಿಡಿದುಕೊಂಡು, "ನಾ ಹೇಳಿದ್ದಷ್ಟ ಬರ್ಕೋರೀ ಮೇಡಂ. ನಿಮ್ಮ ಕಡಿಂದ ಏನೂ ಹಾಕಬ್ಯಾಡ್ರಿ" ಎಂದರು. ಈಕೆ "ನೋಡ್ತೀನಮ್ಮ" ಎಂದಳು. ತಾಯಿ ಬಗ್ಗಿ ಕಾಲು ಮುಟ್ಟಿದರು. ಆಗಿನಿಂದ ನಿದ್ದೆ ಹೋಗಿದೆ.

ಆ ತಾಯಿಯ ಲೆಕ್ಕ ತಪ್ಪಾಗಿರಲಿಲ್ಲ. ಆಗ ವಿದ್ಯಾರ್ಥಿನಿಯ ವಿಭಾಗ ಅನುಸರಿಸುತ್ತಿದ್ದ 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಬೌದ್ಧಿಕ ಅಂಗವೈಕಲ್ಯದ ಶೇಕಡಾವಾರು ನಿಲ್ಲುತ್ತಿದ್ದದ್ದು ವಿ.ಎಸ್.ಎಂ.ಎಸ್. ಅಂಕದ ಮೇಲೆ. 55ರಿಂದ 69 ಬಂದರೆ ಶೇ. 50, 70ರಿಂದ 84 ಬಂದರೆ ಶೇ. 25. ಸೌಲಭ್ಯಕ್ಕೆ ಬೇಕಾದದ್ದು ಕನಿಷ್ಠ ಶೇ. 40. ಅದು ಸಿಗದಿದ್ದರೆ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಸಿಗುತ್ತಿತ್ತೇ? ಅದೇ ಮಾರ್ಗಸೂಚಿಯ ಪ್ರಕಾರ ಆ ಪರೀಕ್ಷೆಗೆ ಹೋಗಲು ಐಕ್ಯೂ 85ಕ್ಕಿಂತ ಮೇಲಿರಬೇಕಿತ್ತು. ಅಂದರೆ ನಡುವೆ ಸಿಕ್ಕಿಕೊಂಡ ಮಕ್ಕಳಿಗೆ ಅದೂ ಇರಲಿಲ್ಲ, ಇದೂ ಇರಲಿಲ್ಲ. ಪಾಠ ಹತ್ತದ ಮಕ್ಕಳಲ್ಲಿ ಇಂಥವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಆ ಅನ್ಯಾಯವನ್ನು ಸರಿಪಡಿಸುವ ಭಾರವನ್ನು ಒಬ್ಬ ವಿದ್ಯಾರ್ಥಿನಿಯ ಸ್ಕೋರ್ ಶೀಟಿನ ಮೇಲೆ ಹೇರಲಾಗದು.

ಆಕೆಯ ಪ್ರಶ್ನೆ ಒಂದೇ: "ನಾನೇನೂ ಸುಳ್ಳು ಬರೀತಿಲ್ವಲ್ಲ ಮೇಡಂ? ತಾಯಿ ಹೇಳಿದ್ದನ್ನೇ ಬರೆದ್ರೆ ಯಾರು ತಪ್ಪು ಹಿಡೀತಾರೆ?"

ಯಾರೂ ಹಿಡಿಯಲಾರರು. ಕಷ್ಟ ಇರುವುದೇ ಅಲ್ಲಿ.

ಮೊದಲ ಭೇಟಿಯಲ್ಲಿ ನಾನು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆಮೇಲಿನ ಮಕ್ಕಳ ಪರೀಕ್ಷೆ ಹೇಗೆ ನಡೆಯಿತು ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: ಒಂದು ಮಗುವಿಗೆ, ಒಂದೇ ಸಲ ಹೇಳಬೇಕಾದ ಅಂಕಿಗಳನ್ನು ನಿಧಾನವಾಗಿ ಎರಡು ಸಲ ಹೇಳಿದ್ದಾಳೆ. ಇನ್ನೊಂದು ಮಗುವಿನ ತಂದೆ ಏನು ಹೇಳಿದರೂ ನಂಬಲಾಗದೆ ಅಡ್ಡಪ್ರಶ್ನೆ ಹಾಕಿದ್ದಾಳೆ. ಆ ಹುಡುಗನ ಸ್ಕೋರ್ ಶೀಟಿನ ಫೋಟೊ ಮೊಬೈಲಿನಲ್ಲಿದೆ, ರಾತ್ರಿ ಹಾಸಿಗೆಯಲ್ಲಿ ಅದನ್ನೇ ತೆಗೆದು ಮತ್ತೆ ಮತ್ತೆ ಕೂಡುತ್ತಾಳೆ. ಒಂದು ಮಗುವಿನ ಮೇಲಿನ ಕರುಣೆ ಉಳಿದ ಮಕ್ಕಳ ಅಂಕದೊಳಗೂ ಹರಿಯತೊಡಗಿತ್ತು. ಅದು ತನ್ನ ಬಾಯಿಂದಲೇ ಹೊರಬಿದ್ದಾಗ ಆಕೆಗೂ ಕಂಡಿತು.

ಎರಡನೇ ಭೇಟಿಯಲ್ಲಿ ತಮ್ಮನ ಮಾತು ಬಂತು. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾಗಿ ಗ್ಯಾರೇಜು ಸೇರಿದವನು. ಮನೆಯಲ್ಲಿ ಎಲ್ಲರೂ ದಡ್ಡ ಎಂದೇ ಕರೆದದ್ದು, ಈಕೆಯೂ ಸೇರಿ. ಆ ಹುಡುಗ ಗುಂಡಿ ಹಾಕುವುದನ್ನು ನೋಡಿದಾಗ ಯಾರು ನೆನಪಾದರು ಎಂದು ಕೇಳಬೇಕಾಗಿ ಬರಲಿಲ್ಲ. ಇದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ, ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಕೊಟ್ಟ ಸಲಹೆ ಹೀಗಿತ್ತು.

ಫೋಟೊ ಈಗಲೇ ಅಳಿಸಬೇಕು, ಅದು ಇದ್ದ ವಿಷಯವನ್ನು ಸೂಪರ್‌ವೈಸರ್‌ಗೆ ತಾನೇ ಹೇಳಬೇಕು. ಮಗುವಿನ ದಾಖಲೆ ಆಸ್ಪತ್ರೆ ಬಿಟ್ಟು ಹೊರಗೆ ಬರಬಾರದು, ನಿಮ್ಮ ಹಾಸಿಗೆಗಂತೂ ಬರಲೇಬಾರದು ಎಂದೆ. ಕೆಲವು ದಿನ ಒಬ್ಬಳೇ ಪರೀಕ್ಷೆ ಮಾಡುವುದನ್ನು ನಿಲ್ಲಿಸಿ ಸಹಪಾಠಿಯ ಜೊತೆ ಕೂತು, ಒಂದೇ ಮಗುವಿಗೆ ಇಬ್ಬರೂ ಬೇರೆ ಬೇರೆ ಅಂಕ ಹಾಕಿ ಹೋಲಿಸಿ ನೋಡಲು ಅನುಮತಿ ಕೇಳಬೇಕು. ಕೈ ಮತ್ತೆ ಹದಕ್ಕೆ ಬರಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕೋರ್ಸ್ ಬಿಡುವ ತೀರ್ಮಾನವನ್ನು ನಿದ್ದೆ ಮರಳುವವರೆಗೆ ಮುಂದೂಡಬೇಕು.

ಹುಡುಗನ ಅಂಕದ ಬಗ್ಗೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಈ ವರದಿ ಆಕೆಯೊಬ್ಬಳದೂ ಅಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಹಿರಿಯರ ಸಹಿ ಬಿದ್ದ ಮೇಲಷ್ಟೇ ಅದು ವರದಿ. ತರಬೇತಿಯ ಎರಡು ವರ್ಷ ಮೇಲ್ವಿಚಾರಣೆ ಇಟ್ಟಿರುವುದೇ ಇಂಥ ಭಾರ ಹಂಚಿಕೊಳ್ಳಲಿಕ್ಕೆ. ಆದ್ದರಿಂದ ಪ್ರಶ್ನೆಗಳನ್ನು ಅಲ್ಲಿಗೇ ಒಯ್ಯಲು ಹೇಳಿದೆ. ಕಿವಿ ಪರೀಕ್ಷೆ ಆಗಿದೆಯೇ? ('ಏನು?' ಎಂದು ಹುಡುಗ ಪದೇ ಪದೇ ಕೇಳುತ್ತಿದ್ದನಂತೆ. ಕಿವಿ ಸೋರುವುದು ನಮ್ಮ ಹಳ್ಳಿ ಮಕ್ಕಳಲ್ಲಿ ಅಪರೂಪವಲ್ಲ. ಇಎನ್‌ಟಿ ಇರುವುದು ಅದೇ ಕಟ್ಟಡದಲ್ಲಿ.) ಹಸಿವು, ಪ್ರಯಾಣ, ಮನೆಮಾತು ವರದಿಯಲ್ಲಿ ದಾಖಲಾಗಿವೆಯೇ? ಮಾತಿನ ಮೇಲೆ ಅಷ್ಟಾಗಿ ನಿಲ್ಲದ ಭಾಟಿಯಾ ಬ್ಯಾಟರಿ ಎಂಬ ಬುದ್ಧಿ ಪರೀಕ್ಷೆ ಮಾಡಬಹುದೇ? ಶಾಲೆಯ ಮೇಷ್ಟ್ರನ್ನು ಕೇಳಿ ವಿ.ಎಸ್.ಎಂ.ಎಸ್. ಮತ್ತೆ ತುಂಬಬಹುದೇ? ಐಕ್ಯೂ ಪರೀಕ್ಷೆಗಳಲ್ಲಿ ಸುಮಾರು 5 ಅಂಕ ಆಚೀಚೆ ಆಗುವುದು ಸಹಜ ಎಂದು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5 ಕೂಡ ಒಪ್ಪುತ್ತದೆ, ತೀವ್ರತೆಯನ್ನು ನಿತ್ಯದ ಬದುಕಿನ ಸಾಮರ್ಥ್ಯ ನೋಡಿಯೇ ನಿರ್ಧರಿಸಬೇಕು ಎನ್ನುತ್ತದೆ. ಹಾಗಾಗಿ ಆ 73ನ್ನು ಹಿಡಿದು ಕೊರಗುವುದರಲ್ಲಿ ಅರ್ಥವಿಲ್ಲ. ಕ್ಯಾಂಟೀನಿನಿಂದ ಸರಿಯಾದ ಚಿಲ್ಲರೆ ತಂದದ್ದೂ ಪರೀಕ್ಷೆಯ ಮಾಹಿತಿಯೇ.

ಆಕೆಯ ಪ್ರಶ್ನೆಗೆ ನೇರ ಉತ್ತರವನ್ನೂ ಕೊಟ್ಟೆ. ಕಣ್ಣಾರೆ ಕಂಡದ್ದನ್ನು ಬಿಟ್ಟು, ಕೇಳಿದ್ದನ್ನಷ್ಟೇ ಬರೆದರೆ ಅದು ಸುಳ್ಳೇ. ತಾಯಿ ಹೇಳಿದ್ದನ್ನೂ ಬರೆಯಿರಿ, ನೀವು ಕಂಡದ್ದನ್ನೂ ಬರೆಯಿರಿ, ಎರಡೂ ಹೊಂದುತ್ತಿಲ್ಲ ಎಂಬುದನ್ನೂ ಬರೆಯಿರಿ. ಬೌದ್ಧಿಕ ಅಂಗವೈಕಲ್ಯ ಎಂಬ ಹೆಸರು ಆ ಹುಡುಗನ ಜೊತೆ ಶಾಲೆಗೆ, ಕೆಲಸಕ್ಕೆ, ಮದುವೆ ಮಾತುಕತೆಗೆ ಹೋಗುತ್ತದೆ. ಮುಂದೊಂದು ದಿನ ಅವನೇ ಅದನ್ನು ಓದುತ್ತಾನೆ. ಅಲ್ಲದೆ ಮೋಸದಿಂದ ಸೌಲಭ್ಯ ಪಡೆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 91ನೇ ಕಲಂ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ. ಸಿಕ್ಕಿಬೀಳುವವರು ಆ ತಾಯಿಯೇ.

ಕೊನೆಯದು, ಆಕೆಗೆ ಎಲ್ಲಕ್ಕಿಂತ ಕಷ್ಟವಾದದ್ದು: ಆ ತಾಯಿಗೆ ಮುಖಕ್ಕೆ ಮುಖ ಕೊಟ್ಟು ಇಲ್ಲ ಎನ್ನುವುದು. ಅದನ್ನು ನನ್ನ ಕೋಣೆಯಲ್ಲೇ ಆಡಿ ಅಭ್ಯಾಸ ಮಾಡಿದೆವು. ಆಕೆ ಮೊದಲು ಮಾರ್ಗಸೂಚಿ, ಶೇಕಡಾ ಎಂದು ಸುತ್ತಿ ಬಳಸಿದಳು. ನಾನು ತಾಯಿಯ ಜಾಗದಲ್ಲಿ ಕೂತು, "ಅದೆಲ್ಲಾ ತಿಳಿಯಂಗಿಲ್ರೀ, ಆಕ್ಕೈತೋ ಇಲ್ಲೋ ಹೇಳ್ರಿ" ಎಂದೆ. ಕೊನೆಗೆ ಸಿಕ್ಕ ಮಾತು ಇದು: "ಇಲ್ಲಮ್ಮ, ಆ ಸರ್ಟಿಫಿಕೇಟ್ ಆಗಲ್ಲ. ಅವತ್ತು ನೋಡ್ತೀನಿ ಅಂದು ನಿಮಗೆ ಆಸೆ ಹುಟ್ಟಿಸಿದೆ, ಅದು ನನ್ನ ತಪ್ಪು. ನಿಮ್ಮ ಮಗನಿಗೆ ಓದೋದು ಕಷ್ಟ ಇರೋದು ನಿಜ. ಅದಕ್ಕೆ ಏನೇನು ಮಾಡಬಹುದು, ಕೂತು ಹೇಳ್ತೀನಿ." ಹೇಳಲು ಕೈಯಲ್ಲಿ ಏನಾದರೂ ಇರಬೇಕಲ್ಲ? ಅದಕ್ಕಾಗಿ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲೇ ಕಾಣಲು ಹೇಳಿದೆ. ಕಬ್ಬಿನ ಕಾಲದಲ್ಲಿ ಹುಡುಗ ಊರಲ್ಲೇ ಉಳಿದು ಓದುವಂತೆ ಹಾಸ್ಟೆಲ್ ಸಿಗುತ್ತದೆಯೇ ಎಂದು ವಿಚಾರಿಸುವುದು, ಏನನ್ನು ಹೇಗೆ ಕಲಿಸಬೇಕೆಂದು ಮೇಷ್ಟ್ರಿಗೆ ಬಿಡಿಸಿ ಬರೆದ ಪತ್ರ, ಮುಂದಿನ ಭೇಟಿಯ ದಿನಾಂಕ.

ತಾಯಿ ಮರುಭೇಟಿಗೆ ಬಂದಾಗ ಸೂಪರ್‌ವೈಸರ್ ಪಕ್ಕದಲ್ಲೇ ಕೂತಿದ್ದರಂತೆ. ತಾಯಿ ಸಿಟ್ಟಾದರು, "ಬಡವರ ಕಷ್ಟ ನಿಮಗೇನ ಗೊತ್ತೈತ್ರಿ" ಎಂದು ಬೈದರು, ಅತ್ತರು. ಕಿವಿಯ ಔಷಧಿ ತೆಗೆದುಕೊಂಡರು, ಮೇಷ್ಟ್ರಿಗೆ ಬರೆದ ಪತ್ರವನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು. ಈಕೆ ಅದನ್ನು ಸೂಪರ್‌ವೈಸರ್‌ಗೆ ತೋರಿಸಿ, ತಾಯಿಯನ್ನು ಫೋನಿನಲ್ಲಿ ಕೇಳಿ ಒಪ್ಪಿಸಿ, ಶಾಲೆಯ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದಳು. ಭಾಟಿಯಾ ಬ್ಯಾಟರಿಗೆ ದಿನ ನಿಗದಿಯಾಗಿದೆ. ಲಂಬಾಣಿ ಬಲ್ಲ ವಾರ್ಡ್ ಆಯಾ ಒಬ್ಬರು ಅಂದು ಜೊತೆಗಿರಲು ಒಪ್ಪಿದ್ದಾರೆ.