ಚುಕ್ಕೆಗೆ ಬಾಲ ಬಂದಿದೆ, ಪಿಸ್ತೂಲು ಸರಿ ಇದೆಯಾ?

ಓದುಗರ ಪ್ರಶ್ನೆಗಳಿಗೆ ಉತ್ತರ: ಸೇನೆಯ ನಿವೃತ್ತ ಆರ್ಮರರ್ (ಆಯುಧ ರಿಪೇರಿ ಮಾಡುವವರು), ಹೆಬ್ಬಾಳ

ಪ್ರಶ್ನೆ: ಸಾರ್, ನಾನು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮಗ ಟೆಕ್ಸಸ್‌ನಲ್ಲಿದ್ದಾನೆ, ಗ್ರೀನ್ ಕಾರ್ಡ್ ಇದೆ. ಈ ಸಲ ಹೋಗಿದ್ದಾಗ ಹೊಸದಾಗಿ ಕೊಂಡ ಪಿಸ್ತೂಲು ತೋರಿಸಿದ. 9 ಎಂಎಂ, ಫುಲ್ ಸೈಜ್, ಮ್ಯಾಗಝೀನ್‌ಗೆ 17 ಗುಂಡು. ಮೇಲೆ ಫ್ಯಾಕ್ಟರಿಯಲ್ಲೇ ಕೂರಿಸಿದ ರೆಡ್ ಡಾಟ್ ಸೈಟ್, ಗುರಿ ಹಿಡಿಯಲು ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸಾಧನ. ನನಗೂ ಹಂಟಿಂಗ್ ಲೈಸೆನ್ಸ್ ಮಾಡಿಸಿ ರೇಂಜಿಗೆ ಕರೆದುಕೊಂಡು ಹೋದ. 50 ಗುಂಡು ಹೊಡೆದೆ. ಅರ್ಧ ಸಲ ಚುಕ್ಕೆ ಕಾಣಿಸಲೇ ಇಲ್ಲ. ಕಂಡಾಗ ಗಡಗಡ ನಡುಗುತ್ತಿತ್ತು. ಅದೂ ದುಂಡಗಿರಲಿಲ್ಲ, ಬಾಲ ಬಿಟ್ಟ ಹಾಗಿತ್ತು. ಮಗ ‘ಎಲ್ಲ ಸರಿ ಇದೆ ಅಪ್ಪ’ ಅನ್ನುತ್ತಾನೆ. ಇಂಥ ಪಿಸ್ತೂಲು ಚೆನ್ನಾಗಿದೆಯೋ ಇಲ್ಲವೋ ಅಂತ ನೋಡುವುದು ಹೇಗೆ? ಮುಂದೆ ಯಾವತ್ತಾದರೂ ಅದನ್ನು ಬೆಂಗಳೂರಿಗೆ ತರಬಹುದಾ?
– ಓದುಗರು, ಯಶವಂತಪುರ

ಉತ್ತರ: ಟೂಲ್ ರೂಮಿನವರು ಅಂದಿರಲ್ಲ, ನನ್ನ ಅರ್ಧ ಕೆಲಸ ಹಗುರಾಯಿತು. ಸ್ಕ್ರೂ ಅಂದರೆ ಏನು, ಅದು ಯಾಕೆ ಸಡಿಲ ಆಗುತ್ತೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಸ್ಕ್ರೂ ಆಮೇಲೆ. ಮೊದಲು ಆ ಬಾಲದ ವಿಷಯ. ಅದು ನನ್ನ ಮಾನ ಕಳೆದ ವಿಷಯ.

ನಾನೂ ನಿಮ್ಮ ಹಾಗೇ ಮಗಳ ಮನೆಗೆ ಅರಿಝೋನಾಕ್ಕೆ ಹೋಗಿದ್ದೆ. ಅಳಿಯ ಇಂಥದ್ದೇ ಒಂದು ಪಿಸ್ತೂಲು ಕೈಗಿಟ್ಟು ‘ಮಾವ, ನೀವು ನೋಡಿ ಹೇಳಿ’ ಅಂದರು. ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಎತ್ತಿ ಹಿಡಿದೆ. ಚುಕ್ಕೆ ಅಲ್ಪವಿರಾಮದ ಹಾಗೆ ಕಾಣಿಸಿತು. ತಲೆ ದಪ್ಪ, ಕೆಳಗೆ ಎಡಕ್ಕೆ ಬಾಲ. ‘ಲೆನ್ಸೇ ಸರಿ ಇಲ್ಲ, ವಾಪಸ್ ಕಳಿಸಿ’ ಅಂದೆ, ಬಹಳ ಗತ್ತಿನಿಂದ. ಪಾಪ, ಅವರು ಡಬ್ಬಿಗೆ ಹಾಕಿ ಟೇಪ್ ಕೂಡ ಅಂಟಿಸಿದರು. ನಮ್ಮ ಮನೆಯವಳು ಒಂದೇ ಮಾತು ಕೇಳಿದಳು: ‘ಅವರಿಗೆ ದುಂಡಗೆ ಕಾಣುತ್ತಂತಲ್ಲ, ನಿಮಗೆ ಮಾತ್ರ ಯಾಕೆ ಸೊಟ್ಟ?’ ಟೇಪ್ ಬಿಚ್ಚಿಸಿ, ಗಾಜಿನ ಹಿಂದೆ ಫೋನಿನ ಕ್ಯಾಮೆರಾ ಇಟ್ಟು ಫೋಟೋ ತೆಗೆದಳು. ಫೋಟೋದಲ್ಲಿ ಚುಕ್ಕೆ ಸಾಸಿವೆ ಕಾಳಿನಷ್ಟು ದುಂಡಗಿತ್ತು. ಬೆಂಗಳೂರಿಗೆ ಬಂದು ಮಲ್ಲೇಶ್ವರದಲ್ಲಿ ಕಣ್ಣು ಪರೀಕ್ಷೆ ಮಾಡಿಸಿದಾಗ ಬಲಗಣ್ಣಿಗೆ ಸಿಲಿಂಡರ್ ಪವರ್ ಬಂತು. ಅಸ್ಟಿಗ್ಮ್ಯಾಟಿಸಂ ಅನ್ನುತ್ತಾರೆ. ಕಣ್ಣಿನ ಮುಂಭಾಗ ಸರಿಯಾಗಿ ದುಂಡಗಿರುವುದಿಲ್ಲ, ಬೆಳಕಿನ ಬಿಂದು ಒಂದು ಕಡೆಗೆ ಹರಡಿಕೊಳ್ಳುತ್ತೆ. ರಾತ್ರಿ ಬೀದಿದೀಪಗಳಿಗೆ ಕೋಡು ಮೂಡಿದ ಹಾಗೆ ಕಾಣುತ್ತಲ್ಲ, ಅದೂ ಇದೇ.

ಹಾಗಾಗಿ ಮಗನಿಗೆ ಫೋನ್ ಮಾಡಿ ಫೋಟೋ ತೆಗೆಯಲು ಹೇಳಿ. ನೀವೇ ಅಲ್ಲಿದ್ದಿದ್ದರೆ ಇನ್ನೊಂದು ಪರೀಕ್ಷೆಯೂ ಇತ್ತು. ಖಾಲಿ ಪಿಸ್ತೂಲನ್ನು ಮೆಲ್ಲಗೆ ಪಕ್ಕಕ್ಕೆ ವಾಲಿಸಿ ನೋಡಬೇಕು. ಪಿಸ್ತೂಲಿನ ಜೊತೆ ಬಾಲವೂ ತಿರುಗಿದರೆ ದೋಷ ಸೈಟಿನದು. ಬಾಲ ಇದ್ದ ದಿಕ್ಕಿನಲ್ಲೇ ನಿಂತರೆ ಕಣ್ಣಿನದು. ಚುಕ್ಕೆಯ ಬೆಳಕು ಜಾಸ್ತಿ ಇಟ್ಟುಕೊಂಡರೂ ಅದು ಚೆಲ್ಲಾಪಿಲ್ಲಿ ಆಗುತ್ತೆ, ಎರಡು ಮೆಟ್ಟಿಲು ಇಳಿಸಬೇಕು. ಇಷ್ಟು ನೋಡದೆ ಯಾರೂ ವಾಪಸ್ ಕಳಿಸಬಾರದು.

ಇನ್ನು ನಡುಕ. ಚುಕ್ಕೆ ನಡುಗುವುದಿಲ್ಲ ಸ್ವಾಮಿ, ಕೈ ನಡುಗುತ್ತೆ. ಹಳೇ ಲೋಹದ ಸೈಟಿನಲ್ಲೂ ಅಷ್ಟೇ ನಡುಗುತ್ತಿತ್ತು, ನಮಗೆ ಗೊತ್ತಾಗುತ್ತಿರಲಿಲ್ಲ ಅಷ್ಟೆ. ನಾನು ಸರ್ವಿಸಿನಲ್ಲಿ ಬಿಚ್ಚಿ ಜೋಡಿಸಿದ್ದು ಬಂಗಾಳದ ಇಶಾಪುರದ ಆಯುಧ ಕಾರ್ಖಾನೆಯಲ್ಲಿ ತಯಾರಾದ 9 ಎಂಎಂ 1ಎ ಪಿಸ್ತೂಲು. 13 ಗುಂಡು, ಮುಂದೊಂದು ಕಡ್ಡಿ, ಹಿಂದೊಂದು ಕಚ್ಚು. ಆ ಕಚ್ಚು, ಆ ಕಡ್ಡಿ, ಆಚೆಗಿನ ಗುರಿ, ಮೂರನ್ನೂ ಕಣ್ಣು ಒಟ್ಟಿಗೆ ಹಿಡಿಯಬೇಕು. ಹಿಡಿಯಲ್ಲ. ಮುಂದಿನ ಕಡ್ಡಿ ಸ್ಪಷ್ಟ ಇಟ್ಟುಕೊಂಡು ಉಳಿದದ್ದು ಮಂಜಾಗಿರಲಿ ಅಂತ ಕಲಿಸುತ್ತಿದ್ದೆವು. ನಲವತ್ತು ದಾಟಿದ ಮೇಲೆ ಆ ಕಡ್ಡಿಯೇ ಮಂಜು. ರೆಡ್ ಡಾಟ್ ಈ ತಾಪತ್ರಯ ತಪ್ಪಿಸುತ್ತೆ. ಹಿಂದೆ ಒಂದು ಪುಟ್ಟ ಎಲ್‌ಇಡಿ, ಮುಂದೆ ಸ್ವಲ್ಪ ಬಾಗಿದ ಗಾಜು. ಗಾಜಿನ ಲೇಪ ಕೆಂಪು ಬೆಳಕನ್ನು ಮಾತ್ರ ಕಣ್ಣಿಗೆ ತಿರುಗಿಸುತ್ತೆ, ಕಿರಣಗಳನ್ನು ನೆಟ್ಟಗೆ ಸಮಾನಾಂತರವಾಗಿ ಕಳಿಸುತ್ತೆ. ಅದಕ್ಕೇ ಚುಕ್ಕೆ ದೂರದಲ್ಲಿ ಗುರಿಯ ಮೇಲೇ ಕೂತ ಹಾಗೆ ಕಾಣುವುದು. ಎರಡೂ ಕಣ್ಣು ತೆರೆದು ಗುರಿಯನ್ನೇ ನೋಡಬೇಕು. ಚುಕ್ಕೆಯನ್ನು ದಿಟ್ಟಿಸಿದಿರೋ, ನಡುಕ ಹೆಚ್ಚಾಯಿತು ಅನ್ನಿಸುತ್ತೆ, ಅದನ್ನು ನಿಲ್ಲಿಸಲು ಹೋಗಿ ಟ್ರಿಗರ್ ಜಗ್ಗುತ್ತೀರಿ. ಅದು ಗುರಿಯೊಳಗೆ ಓಲಾಡುತ್ತಿರಲಿ ಬಿಡಿ, ಬೆರಳು ಮಾತ್ರ ಸಮವಾಗಿ ಒತ್ತುತ್ತಿರಲಿ.

ಅರ್ಧ ಸಲ ಕಾಣಿಸಲಿಲ್ಲ ಅಂದಿರಿ. ಹೊಸಬರಿಗೆ ಸಾಮಾನ್ಯವಾಗಿ ಪಿಸ್ತೂಲಿನ ಮೂತಿ ಮೇಲೆದ್ದಿರುತ್ತೆ, ಚುಕ್ಕೆ ಗಾಜಿನ ಮೇಲಂಚು ದಾಟಿ ಹೋಗಿರುತ್ತೆ. ಮಣಿಕಟ್ಟು ಒಂಚೂರು ಕೆಳಗೆ ಬಾಗಿಸಿದರೆ ಇಳಿದು ಬರುತ್ತೆ. ತಲೆಯನ್ನು ಪಿಸ್ತೂಲಿನ ಹತ್ತಿರ ತಗ್ಗಿಸಬೇಡಿ, ಪಿಸ್ತೂಲನ್ನೇ ಕಣ್ಣಿನ ಮಟ್ಟಕ್ಕೆ ತನ್ನಿ. ನಗಬೇಡಿ, ಟಿವಿ ರಿಮೋಟ್ ಹಿಡಿದು ಗೋಡೆಯ ಸ್ವಿಚ್ಚಿಗೆ ದಿನಾ ಇಪ್ಪತ್ತು ಸಲ ಎತ್ತಿ. ಮುಂದಿನ ಸಲ ಹೋದಾಗ ಗೊತ್ತಾಗುತ್ತೆ. ಮಗ ಪಿಸ್ತೂಲಿನಲ್ಲೇ ಅಭ್ಯಾಸ ಮಾಡುವುದಾದರೆ ಗುಂಡುಗಳು ಬೇರೆ ಕೋಣೆಯಲ್ಲಿರಬೇಕು.

ಈಗ ನಿಮ್ಮ ಕ್ಷೇತ್ರಕ್ಕೆ ಬರೋಣ. ಪ್ರತಿ ಗುಂಡಿಗೂ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲ್ಭಾಗದ ಜಾರುವ ಲೋಹದ ತುಂಡು, ಹಿಂದಕ್ಕೆ ಹೋಗಿ ಬಡಿಯುತ್ತೆ, ಮುಂದಕ್ಕೆ ಬಂದು ಬಡಿಯುತ್ತೆ. ಸೈಟ್ ಅದರ ಬೆನ್ನ ಮೇಲೇ ಸವಾರಿ. ಹಿಡಿದಿರುವುದು ಎರಡು ಪುಟ್ಟ ಸ್ಕ್ರೂ. ಆ ಹೊಡೆತವನ್ನೆಲ್ಲ ಸ್ಕ್ರೂಗಳೇ ತಿಂದರೆ ಎಷ್ಟು ದಿನ ಬಾಳುತ್ತವೆ? ಒಳ್ಳೆಯ ಕೆಲಸದಲ್ಲಿ ಸ್ಲೈಡಿನಲ್ಲಿ ಸೈಟಿನ ತಳಕ್ಕೆ ಸರಿಯಾಗಿ ಮನೆ ಕೊರೆದಿರುತ್ತಾರೆ. ಅದರಲ್ಲಿ ಮೊಳೆಯಂಥ ಉಬ್ಬುಗಳು ಇರುತ್ತವೆ, ಸೈಟಿನ ತೂತುಗಳು ಅವುಗಳ ಮೇಲೆ ಬಿಗಿಯಾಗಿ ಇಳಿಯುತ್ತವೆ. ಬಡಿತ ಹೊರುವುದು ಆ ಉಬ್ಬು ಮತ್ತು ಗೋಡೆ, ಸ್ಕ್ರೂ ಬರೀ ಮೇಲಿನಿಂದ ಒತ್ತಿ ಹಿಡಿಯುತ್ತೆ. ಫ್ಯಾಕ್ಟರಿಯಲ್ಲೇ ಕೂರಿಸಿದ್ದು ಅನ್ನುವುದರ ದೊಡ್ಡ ಲಾಭ ಇದು. ಸ್ಲೈಡಿಗೂ ಸೈಟಿಗೂ ನಡುವೆ ಅಡಾಪ್ಟರ್ ಪ್ಲೇಟ್ ಅನ್ನುವ ಜೋಡಣೆ ತಗಡು ಬಂದರೆ ಜೋಡಣೆ ಎರಡಾಯಿತು, ಸಡಿಲ ಆಗುವ ಜಾಗವೂ ಎರಡು. ಸೈಟ್ ಒಂದಿಷ್ಟು ಎತ್ತರಕ್ಕೂ ಹೋಗುತ್ತೆ. ಇನ್ನೊಂದು ಲಾಭ ಕಣ್ಣಿಗೆ ಕಾಣದ್ದು: ಸೈಟಿನ ತೂಕ ಸೇರಿಸಿಯೇ ಸ್ಪ್ರಿಂಗ್ ಲೆಕ್ಕ ಹಾಕಿರುತ್ತಾರೆ.

ಆದರೆ ಫ್ಯಾಕ್ಟರಿ ಬಿಗಿ ಮಾಡಿದೆ ಅಂತ ಸುಮ್ಮನೆ ನಂಬಬಾರದು. ನೀವು ನಂಬುತ್ತಿದ್ದಿರಾ? ಸೊಸೆಯ ಉಗುರು ಬಣ್ಣ ತೆಗೆದುಕೊಂಡು ಸ್ಕ್ರೂ ತಲೆಯಿಂದ ಸೈಟಿನ ಮೈಗೆ ಒಂದು ಗೆರೆ ಎಳೆಯಲು ಹೇಳಿ. ಕೂದಲೆಳೆಯಷ್ಟು ಸಾಕು. ನೂರು ಗುಂಡಾದ ಮೇಲೆ ನೋಡಲಿ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಅಂತಲೇ. ಎಷ್ಟೋ ಜನ ಗುಂಡು ಅಲ್ಲಿ ಇಲ್ಲಿ ಬೀಳುತ್ತಿದೆ ಅಂತ ತಮ್ಮ ಕೈಯನ್ನೇ ಬೈದುಕೊಳ್ಳುತ್ತಿರುತ್ತಾರೆ, ಆಡುತ್ತಿರುವುದು ಸ್ಕ್ರೂ. ಬಿಗಿ ಮಾಡುವಾಗ ಕೈಯಂದಾಜು ಬೇಡ. ಬುಕ್‌ಲೆಟ್ಟಿನಲ್ಲಿ ಕೊಟ್ಟ ಅಳತೆಗೆ ಟಾರ್ಕ್ ಡ್ರೈವರ್ (ಬಿಗಿ ಅಳೆದು ತಿರುಗಿಸುವ ಸ್ಕ್ರೂಡ್ರೈವರ್) ಹಿಡಿಯಬೇಕು. ಜಾಸ್ತಿ ಬಿಗಿದರೆ ತಲೆ ಕೈಗೆ ಬರುತ್ತೆ, ಉಳಿದದ್ದು ಒಳಗೆ.

ಬ್ಯಾಟರಿ ಎಲ್ಲಿದೆ ಅಂತ ಕೇಳಿ. ಹೆಚ್ಚಾಗಿ 2032 ಅಥವಾ 1632 ನಾಣ್ಯದ ಸೆಲ್. ಮೇಲಿನಿಂದ ಅಥವಾ ಪಕ್ಕದಿಂದ ಹಾಕುವ ಹಾಗಿದ್ದರೆ ಒಳ್ಳೆಯದು. ತಳದಲ್ಲಿದ್ದರೆ ಪ್ರತಿ ಸಲ ಸೈಟ್ ಬಿಚ್ಚಬೇಕು, ಮತ್ತೆ ಕೂರಿಸಬೇಕು, ಮತ್ತೆ ಗುಂಡು ಖರ್ಚು ಮಾಡಿ ಗುರಿ ಹೊಂದಿಸಬೇಕು. ಅಳಿಯನಿಗೆ ನಾನು ಹೇಳಿದ್ದು, ಸೆಲ್ ಸಾಯುವ ತನಕ ಕಾಯಬೇಡಿ, ಪ್ರತಿ ಯುಗಾದಿಗೆ ಬದಲಾಯಿಸಿ ಅಂತ. ಅಷ್ಟಾದರೂ ಒಂದು ದಿನ ಚುಕ್ಕೆ ಆರುತ್ತೆ. ಆಗ ಗಾಜಿನೊಳಗಿಂದ ಲೋಹದ ಸೈಟ್ ಕಾಣಬೇಕು. ಕೆಲವು ಮಾಡೆಲ್‌ಗಳಲ್ಲಿ ಅದಕ್ಕೇ ಎತ್ತರದ ಸೈಟ್ ಕೊಟ್ಟಿರುತ್ತಾರೆ. ಕೆಲವರು ಗಿಡ್ಡ ಸೈಟೇ ಬಿಟ್ಟಿರುತ್ತಾರೆ, ಎಷ್ಟು ಇಣುಕಿದರೂ ರೆಡ್ ಡಾಟಿನ ಬೆನ್ನು ಬಿಟ್ಟು ಏನೂ ಕಾಣಲ್ಲ. ಅಂಥದ್ದಕ್ಕೆ ನಾನಾದರೆ ದುಡ್ಡು ಕೊಡುವುದಿಲ್ಲ.

ರೇಂಜಿನಲ್ಲಿ ಮಾಡಬೇಕಾದ್ದು ಇಷ್ಟು. ಮರಳಿನ ಚೀಲದ ಮೇಲೆ ಕೈ ಇಟ್ಟು 15 ಮೀಟರಿನಿಂದ ಐದೈದು ಗುಂಡು. ಚುಕ್ಕೆ ಹಚ್ಚಿ ಒಂದು ಸಲ, ಆರಿಸಿ ಲೋಹದ ಸೈಟಿನಲ್ಲಿ ಇನ್ನೊಂದು ಸಲ. ಗುಂಪು ಮಧ್ಯಕ್ಕೇ ಬೀಳಬೇಕಿಲ್ಲ, ಒತ್ತಾಗಿ ಬೀಳಬೇಕು. ಮಧ್ಯಕ್ಕೆ ತರಲು ಸೈಟಿನಲ್ಲಿ ತಿರುಪು ಇದೆ. ಚುಕ್ಕೆಯ ಗಾತ್ರವನ್ನು ಎಂಒಎ ಅನ್ನುವ ಕೋನದ ಅಳತೆಯಲ್ಲಿ ಬರೆದಿರುತ್ತಾರೆ. ಒಂದು ಎಂಒಎ ಅಂದರೆ 100 ಮೀಟರಿಗೆ 29 ಮಿಲಿಮೀಟರ್, 25 ಮೀಟರಿಗೆ ಸುಮಾರು 7. ಮೂರರ ಚುಕ್ಕೆ 25 ಮೀಟರಿನಲ್ಲಿ 22 ಮಿಲಿಮೀಟರ್ ಮುಚ್ಚುತ್ತೆ, ಆರರ ಚುಕ್ಕೆ 44. ಸ್ಪರ್ಧೆಯ 25 ಮೀಟರ್ ಪ್ರಿಸಿಷನ್ ಗುರಿಯಲ್ಲಿ ಹತ್ತು ಅಂಕದ ನಡುವಿನ ವೃತ್ತವೇ 50 ಮಿಲಿಮೀಟರ್. ದೊಡ್ಡ ಚುಕ್ಕೆ ಬೇಗ ಸಿಗುತ್ತೆ, ಸಣ್ಣದು ನಿಖರ. ಸೈಟ್ ನಳಿಕೆಗಿಂತ ಎರಡು ಎರಡೂವರೆ ಸೆಂಟಿಮೀಟರ್ ಮೇಲಿರುವುದರಿಂದ ತೀರಾ ಹತ್ತಿರದಲ್ಲಿ ಗುಂಡು ಚುಕ್ಕೆಗಿಂತ ಕೆಳಗೆ ಬೀಳುತ್ತೆ, ಅದಕ್ಕೂ ವಾಪಸ್ ಕಳಿಸಬೇಡಿ. ಎರಡು ಮೂರು ಬಗೆಯ ಗುಂಡಿನಲ್ಲಿ ಒಟ್ಟು 200 ಆದರೂ ಸಿಕ್ಕಿಕೊಳ್ಳದೆ ಹೋಗಬೇಕು. ಖಾಲಿ ಚಿಪ್ಪು ಹಾರುವಾಗ ಸೈಟಿಗೆ ತಗಲುತ್ತಿದೆಯಾ ಅಂತಲೂ ನೋಡಲಿ. ಫುಲ್ ಸೈಜ್ ಆದ್ದರಿಂದ ಹಿಡಿ ಉದ್ದ, ತೂಕ ಇದೆ, ಒದೆತ ಕಡಿಮೆ. ಆ ಬಗ್ಗೆ ನೀವೂ ದೂರಿಲ್ಲ.

ಒಂದು ವಿಷಯಕ್ಕೆ ಮಗನಿಗೆ ಶಹಬ್ಬಾಸ್. ಅಮೆರಿಕದ ಫೆಡರಲ್ ಕಾನೂನಿನಲ್ಲಿ ವಿಸಿಟರ್ ವೀಸಾದವರು, ಎಚ್-1ಬಿಯವರು ಕೂಡ, ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ. ಗೊತ್ತಿಲ್ಲದೆ ಅಪ್ಪ ಅಮ್ಮನ ಕೈಗೆ ಪಿಸ್ತೂಲು ಕೊಟ್ಟು ಸೆಲ್ಫಿ ಹಾಕುವ ಮಕ್ಕಳು ಇದನ್ನು ಓದಲಿ.

ಬೆಂಗಳೂರಿಗೆ ತರುವುದಾ? ಆ ಯೋಚನೆ ಅಲ್ಲೇ ಬಿಟ್ಟು ಬನ್ನಿ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಕೆಯ ಅಳತೆ). ಪೊಲೀಸ್ ಕಮಿಷನರ್ ಕಚೇರಿ ಕೊಡುವ ಸಾಮಾನ್ಯ ಲೈಸೆನ್ಸಿನಲ್ಲಿ ಅದು ಬರುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ನಿಷೇಧಿತ ಆಯುಧ ಸುಮ್ಮನೆ ಇಟ್ಟುಕೊಂಡರೂ ಕನಿಷ್ಠ 7 ವರ್ಷ ಜೈಲು. ಅದಕ್ಕಿಂತ ಹತ್ತಿರದ ಅಪಾಯ ಒಂದಿದೆ. ರೇಂಜಿಗೆ ಒಯ್ದ ಬ್ಯಾಗನ್ನೇ ವಿಮಾನಕ್ಕೆ ತರುತ್ತೀರಿ, ಜಿಪ್ಪಿನ ಮೂಲೆಯಲ್ಲಿ ಒಂದು ಗುಂಡು ಉಳಿದಿರುತ್ತೆ. ದೇವನಹಳ್ಳಿಯ ಎಕ್ಸ್‌ರೇಯಲ್ಲಿ ಅದು ಚೆನ್ನಾಗಿಯೇ ಕಾಣುತ್ತೆ. ನಾನಂತೂ ಹೊರಡುವ ಹಿಂದಿನ ರಾತ್ರಿ ಬ್ಯಾಗ್ ತಲೆಕೆಳಗೆ ಮಾಡಿ ಕೊಡವಿದ್ದೆ. ಜಾಕೆಟ್ಟಿನ ಜೇಬಿನಿಂದ ಎರಡು ಖಾಲಿ ಚಿಪ್ಪು ಬಿದ್ದವು.

ಪ್ರಶ್ನೆ: ಅಂಕಲ್, ನಾನು ಪಿಯುಸಿ ಓದುತ್ತಿದ್ದೇನೆ. ಒಂದು ವರ್ಷದಿಂದ 10 ಮೀಟರ್ ಏರ್ ಪಿಸ್ತೂಲ್ ಕಲಿಯುತ್ತಿದ್ದೇನೆ. ರೆಡ್ ಡಾಟ್ ಹಾಕಿಕೊಂಡರೆ ಸ್ಕೋರ್ ಬೇಗ ಏರುತ್ತಾ?
– ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ಏರಬಹುದು ಮಗಳೇ, ಆದರೆ ಲೆಕ್ಕಕ್ಕೆ ಬರಲ್ಲ. ಒಲಿಂಪಿಕ್ ಮಾದರಿಯ ಪಿಸ್ತೂಲ್ ಸ್ಪರ್ಧೆಗಳಲ್ಲಿ ತೆರೆದ ಲೋಹದ ಸೈಟ್ ಮಾತ್ರ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲ್ ಬೆಳ್ಳಿ ಗೆದ್ದಿದ್ದೂ ಅದೇ ಕಡ್ಡಿ, ಅದೇ ಕಚ್ಚಿನಲ್ಲಿ. ನಿನಗೆ ಹತ್ತರ ವೃತ್ತ 11.5 ಮಿಲಿಮೀಟರ್. ನಿನ್ನ ಕಣ್ಣಿಗೆ ಇನ್ನೂ ಮಂಜು ಬಂದಿಲ್ಲ, ಆ ಕಡ್ಡಿಯನ್ನೇ ನೋಡು.

ಪ್ರಶ್ನೆ: ನನ್ನ ಹತ್ತಿರ ಲೈಸೆನ್ಸ್ ಇರುವ .32 ಪಿಸ್ತೂಲ್ ಇದೆ. ಪೀಣ್ಯದಲ್ಲಿ ಪರಿಚಯದ ಒಬ್ಬರ ಮಷಿನ್ ಶಾಪ್ ಇದೆ. ಸ್ಲೈಡ್ ಕೊರೆದು ರೆಡ್ ಡಾಟ್ ಕೂರಿಸಿಕೊಡುತ್ತೇನೆ ಅನ್ನುತ್ತಾರೆ. ಮಾಡಿಸಲೇ?
– ಓದುಗರು, ನಾಗರಬಾವಿ

ಉತ್ತರ: ಬೇಡ. .32ರಲ್ಲಿ ಹೆಚ್ಚಿನವು ಬ್ಲೋಬ್ಯಾಕ್ ಪಿಸ್ತೂಲುಗಳು. ಅವುಗಳಲ್ಲಿ ಗುಂಡು ಹೊರಟಾಗ ಹಿಂಭಾಗವನ್ನು ಹಿಡಿದಿಡುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್, ಬೇರೆ ಬೀಗ ಇಲ್ಲ. ಕೊರೆದರೆ ಆ ತೂಕ ಕಡಿಮೆ ಆಗುತ್ತೆ, ಗೋಡೆ ತೆಳುವಾಗುತ್ತೆ. ಮೇಲೆ ಸೈಟ್ ಕೂರಿಸಿದರೆ ತೂಕ ಮತ್ತೆ ಬದಲಾಯಿತು. ಸೊನ್ನೆಯಿಂದ ಲೆಕ್ಕ ಹಾಕಿ ಮಾಡುವ ಕೆಲಸ ಅದು. ಜೊತೆಗೆ, ಆಯುಧ ರಿಪೇರಿ ಮಾಡುವುದಕ್ಕೂ ಮಾರ್ಪಡಿಸುವುದಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೇರೆಯೇ ಲೈಸೆನ್ಸ್ ಬೇಕು. ಪೀಣ್ಯದ ಆ ಸ್ನೇಹಿತರ ಮಷಿನ್ ಎಷ್ಟೇ ನಿಖರವಾಗಿರಲಿ, ಕೇಸು ಬಿದ್ದರೆ ಅವರಿಗೂ ಬೀಳುತ್ತೆ, ನಿಮಗೂ ಬೀಳುತ್ತೆ. ಅವರು ಗೇರ್‌ಬಾಕ್ಸ್ ಕೆಲಸ ಮಾಡಿಕೊಂಡು ಆರಾಮವಾಗಿರಲಿ.